ಕೆಂಪಿನ ಕುಲ

ಕಮಲಾಪುರದ ಬಾಳೆಗೆ ಹೆಸರು ಬಂದದ್ದು ಸಿಪ್ಪೆಯ ಬಣ್ಣದಿಂದ: ಕೆಂಬಾಳೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಈ ಊರಿನ ಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಆ ಹೆಸರಿನ ಮೊದಲಿಗೆ ಕೂತಿರುವ ‘ಕೆಂ’ ಮಾತ್ರ ಊರಿಗಿಂತಲೂ ಹಳೆಯದು.

‘ಕೆಂ’ ಮೂಲದ್ರಾವಿಡದ ಆಸ್ತಿ. ಇ, ಎ ಸ್ವರಗಳ ಜೊತೆ ಪದದ ಮೊದಲಿಗೆ ಬಂದ ಕಕಾರ ತಮಿಳು, ತೆಲುಗುಗಳಲ್ಲಿ ಸಾಮಾನ್ಯವಾಗಿ ಚಕಾರವಾಯಿತು; ಕನ್ನಡ ಅದನ್ನು ಉಳಿಸಿಕೊಂಡಿತು. ನಮ್ಮ ಕಿವಿ ಅವರಿಗೆ ಚೆವಿ. ನಮ್ಮ ಕೆಂದಾವರೆ ತಮಿಳರಿಗೆ ಚೆಂದಾಮರೈ. ತಾಮ್ರಕ್ಕೆ ತಮಿಳರು ಹೇಳುವ ಚೆಂಬು, ನಾವು ನೀರು ಕುಡಿಯುವ ಚೆಂಬು ಎರಡೂ ಇದೇ ವಂಶದವು. ಕನ್ನಡದೊಳಗೆ ಈ ‘ಕೆಂ’ ಜೊತೆಗೆ ಬಂದ ಅಕ್ಷರಕ್ಕೆ ತಕ್ಕಂತೆ ದನಿ ಬದಲಿಸುತ್ತದೆ: ಕೆಂಗಣ್ಣಿನಲ್ಲಿ ಙಕಾರ, ಕೆಂಜೆಡೆಯಲ್ಲಿ ಞಕಾರ, ಕೆಂದಳಿರಿನಲ್ಲಿ ನಕಾರ, ಕೆಮ್ಮಣ್ಣಿನಲ್ಲಿ ಮಕಾರ. ಅರ್ಥವೂ ಹರಡಿತು. ಓಲೆಯಲ್ಲಿ ಕೂರಿಸಿದ ಹರಳು ಕೆಂಪು. ಕಂದು ಬೆರೆತರೆ ಕೆಂಚು, ಅದರಿಂದ ಕೆಂಚಪ್ಪ, ಕೆಂಚಮ್ಮ. ಹೀಗೆ ಒಂದೇ ಮಾತು ಬಣ್ಣಗಳ ಅಗಲವಾದ ಪಟ್ಟೆಯನ್ನು ಆಳುತ್ತಿದೆ.

ಆ ಅಗಲ ನಿಸರ್ಗದಲ್ಲೂ ಇದೆ. ಕೆಂಬಾಳೆಯ ಸಿಪ್ಪೆಗೂ ಮಾವಿನ ಕೆಂದಳಿರಿಗೂ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ಅಣುಗಳ ಗುಂಪು. ಬೆಳಕು ಬಿದ್ದಾಗ ಅಣುವಿನ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟಕ್ಕೆ ಹಾರುತ್ತದೆ. ಆ ಹಾರಿಕೆಯೊಂದೇ ಇದ್ದಿದ್ದರೆ ಅಣು ಒಂದೇ ತರಂಗಾಂತರವನ್ನು ನುಂಗಿ, ವರ್ಣಪಟಲದಲ್ಲಿ ತೆಳುವಾದ ಕಪ್ಪು ಗೆರೆಯೊಂದು ಮೂಡಬೇಕಿತ್ತು. ಆದರೆ ಅಣುವಿನೊಳಗಿನ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ. ಆ ಕಂಪನಕ್ಕೂ ತನ್ನದೇ ಶಕ್ತಿಮಟ್ಟಗಳಿವೆ. ಪರಮಾಣು ಬೀಜದಲ್ಲಿರುವ ಪ್ರೋಟಾನು ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ. ಎಲೆಕ್ಟ್ರಾನು ಹಾರಿ ಮುಗಿಸುವಷ್ಟರಲ್ಲಿ ಪರಮಾಣು ಬೀಜಗಳು ಕದಲಿಯೇ ಇರುವುದಿಲ್ಲ. ಎಲೆಕ್ಟ್ರಾನುಗಳ ಹೊಸ ಹಂಚಿಕೆಗೆ ಬೀಜಗಳ ಹಳೆಯ ಜಾಗ ಒಗ್ಗದು. ಹೊಸ ಕಂಪನ ಏಳುತ್ತದೆ. ಒಂದು ಹಾರಿಕೆಯ ಜೊತೆ ಕಂಪನದ ಹಲವು ಮಟ್ಟಗಳು ಕೂಡಿಕೊಂಡು ಒಂದು ಗೆರೆ ಹಲವಾಗುತ್ತದೆ. ಸುತ್ತಲಿನ ದ್ರವದ ತಾಕಲಾಟದಲ್ಲಿ ಅವು ಬೆರೆತು ಪಟ್ಟೆಯಾಗುತ್ತವೆ. 1925ರಲ್ಲಿ ಜೇಮ್ಸ್ ಫ್ರಾಂಕ್ ಮುಂದಿಟ್ಟ ಈ ವಿಚಾರಕ್ಕೆ ಎಡ್ವರ್ಡ್ ಕಾಂಡನ್ ಗಣಿತದ ರೂಪ ಕೊಟ್ಟರು. ಎಲೆಕ್ಟ್ರಾನಿನ ಹಾರಿಕೆಯೂ ಕಂಪನವೂ ಬೆಸೆದ ಇಂಥ ಬದಲಾವಣೆಯನ್ನು ವಿಜ್ಞಾನಿಗಳು ವೈಬ್ರಾನಿಕ್ ಎನ್ನುತ್ತಾರೆ. ‘ಕೆಂ’ ತನ್ನ ಪಕ್ಕದ ಅಕ್ಷರಕ್ಕೆ ದನಿ ಹೊಂದಿಸಿಕೊಂಡಂತೆ ಎಲೆಕ್ಟ್ರಾನಿನ ಶಕ್ತಿಯೂ ಬೀಜಗಳ ನೆಲೆಗೆ ಹೊಂದಿಕೊಂಡೇ ಇರುತ್ತದೆ.

ಆಂಥೋಸಯನಿನ್ ಆಮ್ಲದಲ್ಲಿದ್ದಾಗ ಸುಮಾರು 520 ನ್ಯಾನೊಮೀಟರಿನ ಆಚೀಚೆಯ ಹಸಿರು ಬೆಳಕನ್ನು ಅಗಲವಾಗಿ ನುಂಗುತ್ತದೆ. ಉಳಿದದ್ದು ನಮಗೆ ಕೆಂಪು.

ಕಲಬುರಗಿಯ ಕಾಲೇಜುಗಳಲ್ಲಿ ವರ್ಣಪಟಲ ಕಲಿಸುವ ಮಾಸ್ತರರಲ್ಲಿ ಒಂದು ಕೋರಿಕೆ. ಪಾಠವನ್ನು ಕಮಲಾಪುರದ ಸಿಪ್ಪೆಯಿಂದ ಶುರು ಮಾಡಿ. ತುಸು ಆಮ್ಲ ಬೆರೆಸಿದ ಸ್ಪಿರಿಟ್‌ನಲ್ಲಿ ನೆನೆಸಿಟ್ಟರೆ ಅದು ಬಣ್ಣ ಬಿಡುತ್ತದೆ. ಮಕ್ಕಳು ಆ ಪಟ್ಟೆಯನ್ನು ಕಣ್ಣಾರೆ ನೋಡಲಿ, ಕನ್ನಡದಲ್ಲೇ ವಿವರಿಸಲಿ.