ಅಂಗಡಿಯವ ಹಾಕಿ ಕೊಟ್ಟ ವಿಂಡೋಸ್ ‘ಅಸಲಿ ಅಲ್ಲ’ ಅಂದರೆ: ಖರೀದಿದಾರರು ತಿಳಿದಿರಬೇಕಾದ ಸಂಗತಿಗಳು

ಬಿಲ್ಲಿಂಗಿಗೋ ಮಕ್ಕಳ ಓದಿಗೋ ಅಂತ ಹಣ ಹೊಂದಿಸಿ ಕಂಪ್ಯೂಟರ್ ತರುತ್ತಾರೆ. ‘ಎಲ್ಲಾ ಹಾಕಿ ಕೊಟ್ಟಿದ್ದೇನೆ, ಮನೆಗೆ ಹೋಗಿ ಸ್ವಿಚ್ ಒತ್ತಿದರೆ ಸಾಕು’ ಅಂತ ಅಂಗಡಿಯವ ಹೇಳಿರುತ್ತಾನೆ. ಐದಾರು ತಿಂಗಳು ಚೆನ್ನಾಗಿಯೇ ನಡೆಯುತ್ತದೆ. ಒಂದು ದಿನ ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ವಿಂಡೋಸ್ ಆಕ್ಟಿವೇಟ್ ಮಾಡಿ’ ಎಂಬ ಮಸುಕು ಅಕ್ಷರ ಕಾಣಿಸಿಕೊಳ್ಳುತ್ತದೆ. ಅಂಗಡಿಗೆ ಫೋನ್ ಮಾಡಿದರೆ ‘ಅದು ಹಾಗೇ ಇರಲಿ, ಏನೂ ಆಗಲ್ಲ’ ಎಂಬ ಉತ್ತರ.

ಏನೂ ಆಗಲ್ಲ ಎಂಬುದು ಪೂರ್ತಿ ನಿಜವಲ್ಲ. ಗೊತ್ತಿಲ್ಲದೆ ನಕಲಿ ಸಾಫ್ಟ್‌ವೇರ್ ಕೊಂಡವರು ಮೋಸಹೋದ ಗಿರಾಕಿ. ಗೊತ್ತಾದ ಮೇಲೂ ಅದನ್ನೇ ವ್ಯಾಪಾರಕ್ಕೆ ಬಳಸಿದವರನ್ನು ಕಾನೂನು ನೋಡುವ ರೀತಿ ಬೇರೆ. ಹಾಗಾಗಿ ಆ ಸಂದೇಶ ಕಂಡ ದಿನದಿಂದ ಏನು ಮಾಡುತ್ತಾರೆ ಎಂಬುದು ಮುಖ್ಯ.

ಗಡಿಯೂರಿನ ತೊಡಕು

ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಕೊಹೀರ್, ವಿಕಾರಾಬಾದ್–ಬೀದರ್ ರೈಲು ಮಾರ್ಗದ ಊರು. ಪಕ್ಕದ ಜಹೀರಾಬಾದ್ ಮತ್ತು ನಾರಾಯಣಖೇಡ್ 1956ರ ರಾಜ್ಯ ಮರುವಿಂಗಡಣೆಗೆ ಮೊದಲು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಗಡಿ ಬದಲಾದರೂ ಕನ್ನಡ, ತೆಲುಗು, ಉರ್ದು ಮೂರೂ ಅಲ್ಲಿನ ಸಂತೆಯಲ್ಲಿ ಉಳಿದಿವೆ. ದೊಡ್ಡ ಸಾಮಾನು ಬೇಕಾದರೆ ಕೊಹೀರ್‌ನವರಿಗೆ ಒಂದು ಕಡೆ ಹೈದರಾಬಾದ್, ಇನ್ನೊಂದು ಕಡೆ ಬೀದರ್. ಕರಾವಳಿಯಲ್ಲಿ ಮಂಜೇಶ್ವರ, ಉಪ್ಪಳದವರು ಮಂಗಳೂರಿಗೆ ಬಂದು ಕೊಳ್ಳುವ ಹಾಗೆಯೇ ಇದು ಕೂಡ.

ಬೇರೆ ರಾಜ್ಯದಲ್ಲಿ ಕೊಂಡದ್ದಕ್ಕೆ ದೂರು ಎಲ್ಲಿ ಕೊಡುವುದು ಎಂಬ ಅನುಮಾನದಲ್ಲೇ ಹಲವರು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ. ಅದರ ವಿವರ ಮುಂದೆ ಇದೆ.

ಸಂದೇಶ ಬರುವುದು ಯಾಕೆ?

ವಿಂಡೋಸ್ ಪರವಾನಗಿಯಲ್ಲಿ ಮುಖ್ಯವಾಗಿ ಮೂರು ಬಗೆ. ಕಂಪ್ಯೂಟರ್ ತಯಾರಕರೇ ಹಾಕಿ ಕಳಿಸುವುದು ಒಇಎಂ. ಇದು ಆ ಯಂತ್ರದ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಇನ್ನೊಂದಕ್ಕೆ ಒಯ್ಯಲಾಗದು. ಬೇರೆಯಾಗಿ ಕೊಳ್ಳುವುದು ರಿಟೇಲ್. ಇದನ್ನು ಹಳೆ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಬಹುದು. ಮೂರನೆಯದು ಕಂಪನಿ, ಕಾಲೇಜುಗಳಿಗೆ ಒಟ್ಟಾಗಿ ಕೊಡುವ ವಾಲ್ಯೂಮ್ ಪರವಾನಗಿ.

ತೊಂದರೆ ಹೆಚ್ಚಾಗಿ ಈ ಮೂರನೆಯದರಲ್ಲೇ. ಇದರ ಕೆಎಂಎಸ್ ಎಂಬ ವಿಧಾನದಲ್ಲಿ ಕಂಪ್ಯೂಟರ್ ತನ್ನ ಸಂಸ್ಥೆಯ ಸರ್ವರ್ ಜೊತೆ ಆಗಾಗ ಮಾತಾಡಿ ಪರವಾನಗಿ ನವೀಕರಿಸಿಕೊಳ್ಳಬೇಕು. 180 ದಿನ ಸಂಪರ್ಕ ಸಿಗದಿದ್ದರೆ ಅವಧಿ ಮುಗಿಯುತ್ತದೆ. ಕಂಪನಿಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಆರು ತಿಂಗಳಿಗೆ ತಕರಾರು ತೆಗೆಯುವುದು ಇದೇ ಕಾರಣಕ್ಕೆ. ಆನ್‌ಲೈನ್‌ನಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಕೀಗಳಲ್ಲೂ ಇಂಥ ಒಟ್ಟು ಪರವಾನಗಿಯ ಕೀಗಳು ಇರುತ್ತವೆ. ಒಂದೇ ಕೀ ನೂರಾರು ಕಡೆ ಹಾಕಿದ್ದು ಪತ್ತೆಯಾದರೆ ಅದನ್ನು ನಿರ್ಬಂಧಿಸುತ್ತಾರೆ.

ಕೆಲವೊಮ್ಮೆ ಮೋಸವೇ ಇರುವುದಿಲ್ಲ. ಮದರ್‌ಬೋರ್ಡ್ ಬದಲಾಯಿಸಿದರೆ ಅಸಲಿ ವಿಂಡೋಸ್ ಕೂಡ ಇದೇ ಸಂದೇಶ ಕೊಡುತ್ತದೆ.

ಮೊದಲ ದಿನ ಮಾಡಬೇಕಾದ್ದು

ಗಾಬರಿ ಬೇಡ. ಆಕ್ಟಿವೇಶನ್ ಹೋದ ಮಾತ್ರಕ್ಕೆ ಫೈಲುಗಳು ಅಳಿಸಿ ಹೋಗುವುದಿಲ್ಲ, ಕಂಪ್ಯೂಟರ್ ನಿಲ್ಲುವುದೂ ಇಲ್ಲ. ಆದರೂ ಮೊದಲ ಕೆಲಸ ಲೆಕ್ಕಪತ್ರ, ಫೋಟೋ, ದಾಖಲೆಗಳನ್ನು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳುವುದು.

ಪರದೆ ತುಂಬಾ ಎಚ್ಚರಿಕೆ ತೋರಿಸಿ ‘ಈ ನಂಬರಿಗೆ ಕರೆ ಮಾಡಿ’ ಎಂದಿದ್ದರೆ ಅದು ಮೈಕ್ರೋಸಾಫ್ಟ್ ಸಂದೇಶವಲ್ಲ. ಕಂಪನಿಯ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಅಂಥ ಕರೆಯಲ್ಲಿ ಹಣ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಯಾವ ಪರವಾನಗಿ ಎಂದು ತಿಳಿಯುವುದು ಹೇಗೆ?

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಆಕ್ಟಿವೇಶನ್ ತೆರೆದರೆ ಸದ್ಯದ ಸ್ಥಿತಿ ಕಾಣುತ್ತದೆ. ಇನ್ನೂ ಸ್ಪಷ್ಟವಾಗಿ ತಿಳಿಯಲು ವಿಂಡೋಸ್ ಗುಂಡಿಯ ಜೊತೆ ‘ಆರ್’ ಒತ್ತಿ, ಬರುವ ಚೌಕದಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಇಂಗ್ಲಿಷ್ ಅಕ್ಷರ ಸೇರಿಸಿ ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಡಿ, ಎಲ್, ಐ ಬರೆದು ಎಂಟರ್ ಒತ್ತಬೇಕು. ಸ್ವಲ್ಪ ಹೊತ್ತಿಗೆ ಒಂದು ಚಿಕ್ಕ ಕಿಟಕಿ ಬರುತ್ತದೆ. ಅದರಲ್ಲಿ ಒಇಎಂ, ರಿಟೇಲ್ ಅಥವಾ ವಾಲ್ಯೂಮ್ ಎಂಬ ಪದ ಇರುತ್ತದೆ. ಕೊನೆಯ ಮೂರಕ್ಷರದ ಬದಲು ಎಕ್ಸ್, ಪಿ, ಆರ್ ಹಾಕಿದರೆ ಅವಧಿ ತಿಳಿಯುತ್ತದೆ.

ಮನೆಗೋ ಸಣ್ಣ ಅಂಗಡಿಗೋ ತಂದ ಯಂತ್ರದಲ್ಲಿ ವಾಲ್ಯೂಮ್ ಅಂತ ಬಂದರೆ ಅದು ಬೇರೆ ಯಾರದೋ ಪರವಾನಗಿ ಎಂದೇ ಅನುಮಾನಿಸಬೇಕು. ‘ಶಾಶ್ವತವಾಗಿ ಆಕ್ಟಿವೇಟ್ ಆಗಿದೆ’ ಎಂದು ಬಂದರೂ ಅದೊಂದೇ ಸಾಕ್ಷಿಯಲ್ಲ. ಹಾಗೆ ತೋರಿಸುವ ಕಳ್ಳ ಉಪಾಯಗಳೂ ಇವೆ. ಬಿಲ್ಲಿನಲ್ಲಿ ವಿಂಡೋಸ್ ಹೆಸರು ಇದೆಯೇ ಎಂಬುದನ್ನೂ ಜೊತೆಗೆ ನೋಡಬೇಕು.

ಅಸಲಿ ಕೀ ಒಳಗೇ ಇರಬಹುದು

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇದು. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ದೊಡ್ಡ ತಯಾರಕರು ಅಸಲಿ ಕೀಯನ್ನು ಮದರ್‌ಬೋರ್ಡಿನ ಚಿಪ್ಪಿನೊಳಗೇ ಬರೆದು ಕಳಿಸುತ್ತಾರೆ. ಹೋಮ್ ಆವೃತ್ತಿಯ ಕೀ ಇರುವ ಲ್ಯಾಪ್‌ಟಾಪಿಗೆ ಅಂಗಡಿಯವ ಪ್ರೊ ಆವೃತ್ತಿ ಹಾಕಿ, ಮೇಲಿಂದ ಕ್ರ್ಯಾಕ್ ಮಾಡಿ ಕೊಟ್ಟಿರುವುದುಂಟು. ವಿಂಡೋಸ್ 10 ಅಥವಾ 11ರ ಜೊತೆ ಹೊರಬಂದ ಯಂತ್ರವಾದರೆ, ಮೈಕ್ರೋಸಾಫ್ಟ್ ಜಾಲತಾಣದಿಂದ ಉಚಿತವಾಗಿ ಸಿಗುವ ಸಾಧನ ಬಳಸಿ ಸರಿಯಾದ ಆವೃತ್ತಿಯನ್ನು ಹೊಸದಾಗಿ ಹಾಕಿಸಿದರೆ ಅದು ಇಂಟರ್‌ನೆಟ್ ಸಿಕ್ಕಿದ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. ಒಂದು ರೂಪಾಯಿಯ ಕೀಯೂ ಬೇಡ. ವಿಂಡೋಸ್ 7 ಮತ್ತು 8ರ ಕೀಗಳಿಗೆ ಮಾತ್ರ ಈ ಸೌಲಭ್ಯವನ್ನು 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದ್ದಾರೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹೊಸದಾಗಿ ಹಾಕಿಸುವಾಗ ಯಂತ್ರ ತಾಳುವುದಾದರೆ 11 ಒಳ್ಳೆಯದು.

ಕ್ರ್ಯಾಕ್‌ಗೆ ತೆರುವ ಬೆಲೆ

‘ಇನ್ನೊಮ್ಮೆ ಕ್ರ್ಯಾಕ್ ಮಾಡಿಕೊಡುತ್ತೇನೆ’ ಎಂಬ ಮಾತಿಗೆ ಒಪ್ಪಬಾರದು. ಕ್ರ್ಯಾಕ್ ಹಾಕುವಾಗ ಮೊದಲು ಆಂಟಿವೈರಸ್ ಆಫ್ ಮಾಡಿಸುತ್ತಾರೆ. ಬಾಗಿಲು ತೆರೆದಿಟ್ಟು ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗೆ. ಕೆಎಂಎಸ್‌ಪಿಕೊ ಎಂಬ ಪ್ರಸಿದ್ಧ ಕ್ರ್ಯಾಕ್‌ನ ಹೆಸರಲ್ಲಿ ಪಾಸ್‌ವರ್ಡ್ ಕದಿಯುವ ‘ಕ್ರಿಪ್ಟ್‌ಬಾಟ್’ ಹರಡುತ್ತಿದೆ ಎಂದು 2021ರ ಡಿಸೆಂಬರ್‌ನಲ್ಲಿ ರೆಡ್ ಕ್ಯಾನರಿ ಎಂಬ ಭದ್ರತಾ ಸಂಸ್ಥೆ ಎಚ್ಚರಿಸಿತ್ತು.

ಅಂಗಡಿಯಲ್ಲೇ ಹಾಕಿ ಕೊಟ್ಟ ಸಾಫ್ಟ್‌ವೇರ್ ಕೂಡ ಸುರಕ್ಷಿತ ಅಂತ ಹೇಳಲಾಗದು. ಚೀನಾದ ಬೇರೆ ಬೇರೆ ನಗರಗಳಲ್ಲಿ ಮೈಕ್ರೋಸಾಫ್ಟ್ ತನಿಖಾ ತಂಡ 20 ಹೊಸ ಕಂಪ್ಯೂಟರ್ ಕೊಂಡು ನೋಡಿದಾಗ ನಾಲ್ಕರಲ್ಲಿ ಡಬ್ಬ ತೆರೆಯುವ ಮೊದಲೇ ವೈರಸ್ ಇತ್ತು. ಈ ಸಂಗತಿ 2012ರಲ್ಲಿ ಅಮೆರಿಕದ ಕೋರ್ಟಿನ ತನಕ ಹೋಯಿತು. ಅಂಗಡಿಯ ಕಂಪ್ಯೂಟರ್‌ನಲ್ಲಿ ಬ್ಯಾಂಕ್, ಜಿಎಸ್‌ಟಿ, ಇಮೇಲ್ ಮೂರರ ಪಾಸ್‌ವರ್ಡೂ ಇರುತ್ತವೆ ಎಂಬುದು ನೆನಪಿರಲಿ. ಕ್ರ್ಯಾಕ್ ಇದ್ದ ಯಂತ್ರವನ್ನು ಸರಿಪಡಿಸಿದ ಮೇಲೆ ಈ ಮೂರನ್ನೂ ಬದಲಾಯಿಸಬೇಕು.

ಕಾನೂನು ಏನು ಹೇಳುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ 63ಬಿ ಕಲಂ ಸೇರಿತು. ನಕಲಿ ಪ್ರತಿ ಎಂದು ತಿಳಿದೂ ಕಂಪ್ಯೂಟರ್‌ನಲ್ಲಿ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕೋ ವ್ಯಾಪಾರಕ್ಕೋ ಬಳಸದಿದ್ದಲ್ಲಿ, ಸೂಕ್ತ ಕಾರಣವಿದ್ದರೆ ಜೈಲು ಬಿಟ್ಟು 50 ಸಾವಿರದವರೆಗಿನ ದಂಡ ಮಾತ್ರ ಹಾಕುವ ಅವಕಾಶ ಕೋರ್ಟಿಗಿದೆ.

ಇಲ್ಲಿ ‘ತಿಳಿದೂ’ ಎಂಬ ಪದವೇ ಮುಖ್ಯ. ತಿಳಿಯದೆ ಕೊಂಡವರಿಗೆ ಅದು ರಕ್ಷಣೆ. ಆದರೆ ಸಂದೇಶ ನೋಡಿ, ವಿಷಯ ಗೊತ್ತಾಗಿ, ಅದೇ ಯಂತ್ರದಲ್ಲಿ ವರ್ಷಗಟ್ಟಲೆ ಬಿಲ್ ಹಾಕಿದವರಿಗೆ ಆ ರಕ್ಷಣೆ ಸಡಿಲವಾಗುತ್ತದೆ.

ಅಂಗಡಿಯವ ಒಪ್ಪದಿದ್ದರೆ

ಮೊದಲು ಪರದೆಯ ಫೋಟೋ ಮತ್ತು ಬಿಲ್ ಸಮೇತ ವಾಟ್ಸಾಪ್ ಅಥವಾ ಪತ್ರದಲ್ಲಿ ಅಂಗಡಿಯವರಿಗೆ ತಿಳಿಸಬೇಕು. ಬಾಯಿ ಮಾತಿಗೆ ಸಾಕ್ಷಿ ಇಲ್ಲ. ಅಸಲಿ ಪರವಾನಗಿ ಕೊಡಿ ಅಥವಾ ಅದರ ಹಣ ವಾಪಸ್ ಕೊಡಿ ಎಂದು ಕೇಳುವ ಹಕ್ಕು ಗಿರಾಕಿಗಿದೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ಸಾಮಾನಿಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. 2 ವರ್ಷದೊಳಗೆ ಸಲ್ಲಿಸಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಾಗದ ಆಯೋಗದಲ್ಲೇ ದೂರು ಕೊಡಬಹುದು. ಬೀದರ್‌ನಲ್ಲಿ ಕೊಂಡ ಕೊಹೀರ್‌ನವರಿಗೆ ಸಂಗಾರೆಡ್ಡಿ ಸಾಕು, ಮಂಗಳೂರಲ್ಲಿ ಕೊಂಡ ಮಂಜೇಶ್ವರದವರಿಗೆ ಕಾಸರಗೋಡು ಸಾಕು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಮಾತ್ರ ಕೊಂಡ ಸಣ್ಣ ಅಂಗಡಿಯವರೂ ಈ ಕಾಯ್ದೆಯಲ್ಲಿ ಗ್ರಾಹಕರೇ.

ಆದರೆ ಕೈಯಲ್ಲಿ ಬಿಲ್ ಇರಬೇಕು. ‘ಬಿಲ್ ಬೇಡವಾದರೆ ಕಡಿಮೆಗೆ ಕೊಡುತ್ತೇನೆ’ ಎಂಬ ಮಾತಿಗೆ ಒಪ್ಪಿದವರು ದೂರಿನ ಮುಖ್ಯ ಸಾಕ್ಷಿಯನ್ನೇ ಕಳೆದುಕೊಳ್ಳುತ್ತಾರೆ. ನೋಂದಾಯಿತ ವ್ಯಾಪಾರಿಯಾದರೆ ಕಂಪ್ಯೂಟರ್ ಮೇಲಿನ 18 ಶೇಕಡಾ ಜಿಎಸ್‌ಟಿಯ ಕ್ರೆಡಿಟ್ ಕೂಡ ಕೈತಪ್ಪುತ್ತದೆ.

ದುಡ್ಡಿಲ್ಲದಿದ್ದರೂ ನೇರ ದಾರಿ ಇದೆ

ಪರವಾನಗಿ ಕೊಳ್ಳಲು ಆಗದವರು ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಉಚಿತ ವ್ಯವಸ್ಥೆ, ಆಫೀಸ್ ಬದಲು ಲಿಬ್ರೆಆಫೀಸ್ ಬಳಸಬಹುದು. ಇದು ಕೈಲಾಗದವರ ಪಾಲಿನ ಸಾಮಾನಲ್ಲ. ಕೇರಳ ಸರಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದೇ ಕೈಟ್ ಸಂಸ್ಥೆ ಸಿದ್ಧಪಡಿಸಿದ ಉಚಿತ ಸಾಫ್ಟ್‌ವೇರ್‌ನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಜಿಎಸ್‌ಟಿ ಪೋರ್ಟಲ್ ಬ್ರೌಸರ್‌ನಲ್ಲೇ ತೆರೆಯುತ್ತದೆ. ಆದರೆ ಟ್ಯಾಲಿಯಂಥ ಸಾಫ್ಟ್‌ವೇರ್ ವಿಂಡೋಸ್‌ಗಾಗಿಯೇ ಮಾಡಿದ್ದು. ಹಾಗಾಗಿ ಬದಲಾಗುವ ಮೊದಲು ತಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ನಡೆಯುತ್ತದೆಯೇ ಎಂದು ನೋಡಿಕೊಳ್ಳಬೇಕು.

ಟ್ಯಾಲಿಯದ್ದೂ ಇದೇ ಪಾಠ. ಪರವಾನಗಿ ಇಲ್ಲದಿದ್ದರೆ ಅದು ಎಜುಕೇಶನಲ್ ಮೋಡ್‌ನಲ್ಲಿ ತೆರೆಯುತ್ತದೆ, ತಿಂಗಳ ಮೊದಲ ಎರಡು ಮತ್ತು ಕೊನೆಯ ದಿನಾಂಕಕ್ಕೆ ಮಾತ್ರ ಲೆಕ್ಕ ಬರೆಯಬಹುದು. ಕಲಿಯುವ ಹುಡುಗರಿಗೆ ಅಷ್ಟು ಸಾಕು, ಅಂಗಡಿಗೆ ಸಾಲದು.

ಮುಂದಿನ ಸಲ ಕೊಳ್ಳುವಾಗ

- ಬಿಲ್ಲಿನಲ್ಲಿ ವಿಂಡೋಸ್ ಆವೃತ್ತಿ, ಆಫೀಸ್ ಹೆಸರು ಬೇರೆ ಬೇರೆಯಾಗಿ ಬರೆಸಬೇಕು. ‘ಡಾಸ್’ ಅಂತ ಬರೆದಿದ್ದರೆ ವಿಂಡೋಸ್ ಸೇರಿಲ್ಲ ಎಂದರ್ಥ.
- ಮೇಲೆ ಹೇಳಿದ ಪರೀಕ್ಷೆಯನ್ನು ಹಣ ಕೊಡುವ ಮೊದಲು ಅಂಗಡಿಯಲ್ಲೇ ಮಾಡಿಸಬೇಕು.
- ಲ್ಯಾಪ್‌ಟಾಪ್ ಜೊತೆ ಬರುವ ಆಫೀಸ್ ಅದನ್ನು ಮೊದಲು ಆಕ್ಟಿವೇಟ್ ಮಾಡಿದ ಖಾತೆಗೆ ಸೇರಿಹೋಗುತ್ತದೆ. ಅಂಗಡಿಯವರ ಇಮೇಲ್ ಹಾಕಲು ಬಿಡದೆ ಸ್ವಂತ ಇಮೇಲ್‌ನಲ್ಲೇ ತೆರೆಯಬೇಕು.
- ಸೆಕೆಂಡ್ ಹ್ಯಾಂಡ್ ಯಂತ್ರ ಯಾವ ಆವೃತ್ತಿಯ ಜೊತೆ ಕಾರ್ಖಾನೆಯಿಂದ ಬಂದದ್ದು ಎಂದು ಕೇಳಿ ಬರೆಸಿಕೊಳ್ಳಬೇಕು.

ಎಲ್ಲಕ್ಕೂ ಹತ್ತು ನಿಮಿಷ ಹಿಡಿಯಬಹುದು. ಆ ಹತ್ತು ನಿಮಿಷ ಅಂಗಡಿಯಲ್ಲಿ ನಿಂತು ಕೇಳಲು ನಾಚಿಕೆಪಡಬೇಕಾದ್ದಿಲ್ಲ. ಹಣ ಕೊಡುವವರು ಕೇಳಲೇಬೇಕಾದ ಪ್ರಶ್ನೆಗಳಿವು.