ಟಕ್ ಅನ್ನುವ ದವಡೆ ಮತ್ತು ಒಂದು ಪ್ಲೇಟಿನ ಕತೆ

ಆಕಳಿಸುವಾಗ ಕಿವಿಯ ಬುಡದಲ್ಲಿ 'ಟಕ್' ಅನ್ನುತ್ತದೆಯೇ? ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುತ್ತದೆಯೇ? ಕುಮಟಾ, ಹೊನ್ನಾವರ, ಭಟ್ಕಳ ಇರಲಿ, ಬೇರೆ ಊರಿರಲಿ, ಇಂಥವರಲ್ಲಿ ಎಷ್ಟೋ ಜನ ಮೊದಲು ಹೋಗುವುದು ಕಿವಿ ಡಾಕ್ಟರ ಹತ್ತಿರ. ತಮಾಷೆ ಏನು ಗೊತ್ತೇ? ಈ ತೊಂದರೆಗೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟವನೂ ಕಿವಿ ಡಾಕ್ಟರೇ!

ಆತ ಅಮೆರಿಕದ ಸೇಂಟ್ ಲೂಯಿಸ್‌ನ ಜೇಮ್ಸ್ ಕಾಸ್ಟೆನ್. ದವಡೆ ಹಲ್ಲು ಉದುರಿದವರಿಗೆ ಬಾಯಿ ಹೆಚ್ಚು ಮುಚ್ಚಿಕೊಂಡು ಕೀಲು ಹಿಂದಕ್ಕೆ ಒತ್ತುತ್ತದೆ, ಕಿವಿನೋವು, ತಲೆಸುತ್ತು ಅದರಿಂದಲೇ ಎಂದು 1934ರಲ್ಲಿ ಬರೆದ. ಅಲ್ಲಿಂದ ಶುರುವಾಯಿತು ನೋಡಿ, ಹಲ್ಲು ಅರೆಯುವುದು, ಕ್ಯಾಪ್ ಹಾಕಿ ಎತ್ತರಿಸುವುದು. ಆದರೆ ಕಾಸ್ಟೆನ್ ಹೇಳಿದ ಕಾರಣ ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಲಾಸ್ಲೊ ಶ್ವಾರ್ಟ್ಸ್, ಅಗಿಯುವ ಸ್ನಾಯುಗಳ ಬಿಗಿತ ಮತ್ತು ಮನಸ್ಸಿನ ಒತ್ತಡದ ಕಡೆ ಗಮನ ಸೆಳೆದರು. ಅರೆದ ಹಲ್ಲು ಮಾತ್ರ ಮತ್ತೆ ಬೆಳೆಯಲಿಲ್ಲ.

ಪ್ಲೇಟಿನ ಕತೆ ಇನ್ನೂ ಹಳೆಯದು. ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿನ ಮೇಲೆ ಕೂರುವ ಪ್ಲೇಟನ್ನು 1901ರ ಹೊತ್ತಿಗೇ ವಿಯೆನ್ನಾದ ಕಾರೋಲಿ ಸೂಚಿಸಿದ್ದರು. ಈಗ ಅದನ್ನು ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡುತ್ತಾರೆ. ಎಲ್ಲರಿಗೂ ಗುಣವಾಗುತ್ತದೆ ಎನ್ನಲಾಗದು. ಆದರೆ ಸರಿಹೋಗದಿದ್ದರೆ ತೆಗೆದಿಡಬಹುದು, ದೊಡ್ಡ ಲಾಭ ಅದೇ. ತಿರುಗಿ ಸರಿಮಾಡಲಾಗದ ಚಿಕಿತ್ಸೆಗೆ ಅವಸರ ಬೇಡ ಎಂದು 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆಯೂ ಹೇಳಿತು.

ನಮ್ಮಲ್ಲಿ ಸರ್ಕಾರಿ ದಂತ ಕಾಲೇಜು ಬೆಂಗಳೂರಿನಲ್ಲಿ ಶುರುವಾದದ್ದು 1958ರಲ್ಲಿ. ಕರಾವಳಿಗೆ ಹತ್ತಿರವಾಗಿ ಮಣಿಪಾಲದ ಕಾಲೇಜು ಬಂದದ್ದು 1965ರಲ್ಲಿ. ಭಟ್ಕಳದಿಂದ ಅಲ್ಲಿಗೆ ಸುಮಾರು 90 ಕಿ.ಮೀ., ಕುಮಟಾದವರಿಗೆ ಇನ್ನೂ ದೂರ. ಪ್ಲೇಟು ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ, ಮತ್ತೆ ಮತ್ತೆ ಹೋಗಿ ಸರಿಮಾಡಿಸಬೇಕು. ಅರ್ಧಕ್ಕೇ ಬಿಡುವವರನ್ನು ಬೈದು ಪ್ರಯೋಜನವಿಲ್ಲ.

ಇನ್ನೊಂದು ಮಾತು. ನಮ್ಮದು ಅಡಿಕೆ ಸೀಮೆ, ಕವಳ ಹಾಕುವ ನಾಡು. ಬಾಯಿ ತೆರೆಯಲಾಗದಿದ್ದರೆ ಅದು ಕೀಲಿನ ತೊಂದರೆಯೇ ಆಗಿರಬೇಕಿಲ್ಲ. ಅಡಿಕೆ, ಗುಟ್ಕಾದಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ರೋಗವನ್ನು 1953ರಲ್ಲೇ ಜೋಶಿ ಎಂಬ ಭಾರತೀಯ ವೈದ್ಯರು ವಿವರಿಸಿದ್ದರು. ಅದು ಕ್ಯಾನ್ಸರ್‌ಗೂ ತಿರುಗಬಹುದು. ರಾತ್ರಿ ಹಾಕುವ ಪ್ಲೇಟು ಅದಕ್ಕೆ ಮದ್ದಲ್ಲ, ಮೊದಲು ಅಡಿಕೆ ಬಿಡಬೇಕು.

ಹಾಗಾಗಿ ಮೊದಲು ರೋಗ ಯಾವುದೆಂದು ತಿಳಿಯಿರಿ. ಹಲ್ಲು ಅರೆಯೋಣ ಎಂದು ಯಾರಾದರೂ ಹೇಳಿದರೆ, "ಡಾಕ್ಟ್ರೇ, ಮೊದಲು ಪ್ಲೇಟು ಹಾಕಿ ನೋಡಬಹುದಾ?" ಎಂದು ಕೇಳಿ. ಕೇಳಲು ದುಡ್ಡು ಕೊಡಬೇಕಿಲ್ಲವಲ್ಲ!