ಬಂದೂಕು ಪರವಾನಗಿ ಮತ್ತು ಪರವಾನಗಿದಾರರ ಸಂಘಟನೆ: ಮಂಡ್ಯ ಸೀಮೆ ಹಾಗೂ ಕೊಡಗು

ಜನರ ಕೈಯಲ್ಲಿರುವ ಬಂದೂಕಿಗೆ ಸರ್ಕಾರ ಕಟ್ಟಳೆ ಹಾಕುವುದು, ಬಂದೂಕು ಇದ್ದವರು ಒಟ್ಟುಗೂಡಿ ಅದನ್ನು ಸಡಿಲಿಸಿಕೊಳ್ಳಲು ಹೆಣಗುವುದು, ಕರ್ನಾಟಕದಲ್ಲಿ ಇವೆರಡಕ್ಕೂ ಒಂದೂವರೆ ಶತಮಾನದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆ ಒಂದು ಒಗಟಿನ ಹಾಗಿದೆ. ಕಾವೇರಿ ನೀರಿಗೆ, ಕಬ್ಬಿನ ದರಕ್ಕೆ ಬೆಂಗಳೂರು-ಮೈಸೂರು ಹೆದ್ದಾರಿಯನ್ನೇ ತಡೆದು ನಿಲ್ಲಿಸಬಲ್ಲ ಜನ ಇವರು. ಸಂಘ ಕಟ್ಟುವುದು, ಧರಣಿ ಕೂರುವುದು, ಸರ್ಕಾರವನ್ನು ಮಣಿಸುವುದು ಇಲ್ಲಿನವರಿಗೆ ಯಾರೂ ಕಲಿಸಿಕೊಡಬೇಕಾದ ವಿದ್ಯೆಗಳಲ್ಲ. ಆದರೂ ಬಂದೂಕಿನ ಲೈಸೆನ್ಸು ಇಲ್ಲಿನ ಯಾವ ಚಳವಳಿಗೂ ಮುಖ್ಯ ಬೇಡಿಕೆಯಾಗಲಿಲ್ಲ. ಮೈಸೂರು ದಾಟಿ, ಹುಣಸೂರು, ಪಿರಿಯಾಪಟ್ಟಣ ಕಳೆದರೆ ಸಿಗುವ ಕೊಡಗಿನಲ್ಲಿ ಅದೇ ಕೋವಿ ಒಂದು ಸಮುದಾಯದ ರಾಜಕಾರಣದ ಕೇಂದ್ರದಲ್ಲಿದೆ. ಕೊಡಗಿನವರು ಶೂರರು, ಮಂಡ್ಯದವರು ಒಕ್ಕಲುತನದವರು ಎಂಬ ವಾಡಿಕೆಯ ವಿವರಣೆ ಇದಕ್ಕೆ ಸಾಲದು. ಬಂದೂಕು ಭೂಮಿಯ ಜೊತೆ ಬಂದ ಕಡೆ ಅದು ಊರಿನ ಸಂಗತಿಯಾಯಿತು, ಡೀಸಿ ಕಚೇರಿಯ ಕಾಗದದ ಜೊತೆ ಬಂದ ಕಡೆ ಒಬ್ಬೊಬ್ಬನ ಸಂಗತಿಯಾಗಿ ಉಳಿಯಿತು ಎಂಬುದು ಈ ಲೇಖನದ ವಾದ.

ಮಂಡ್ಯ ಸೀಮೆಗೆ ಬಂದೂಕು ಅಪರಿಚಿತವಾಗಿರಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಬಂದೂಕು, ಫಿರಂಗಿ, ರಾಕೆಟ್ಟುಗಳು ತಯಾರಾಗುತ್ತಿದ್ದ ಶ್ರೀರಂಗಪಟ್ಟಣ ಇಂದು ಇದೇ ಜಿಲ್ಲೆಯ ತಾಲ್ಲೂಕು. 1799ರ ಮೇ 4ರಂದು ಕೋಟೆ ಬಿದ್ದ ಮೇಲೂ ಹಳ್ಳಿಗಾಡು ಒಮ್ಮೆಲೇ ನಿರಾಯುಧವಾಗಲಿಲ್ಲ. ದಿವಾನ್ ಪೂರ್ಣಯ್ಯ ಕಂದಾಚಾರದ ಪಡೆಯನ್ನು ಉಳಿಸಿಕೊಂಡರು. ಊರಲ್ಲೇ ಇದ್ದು, ಬೇಸಾಯ ಮಾಡಿಕೊಂಡು, ಕರೆ ಬಂದಾಗ ಆಯುಧ ಹಿಡಿಯುವ ಈ ಆಳುಗಳ ಸಂಬಳದ ಒಂದು ಪಾಲು ಭೂಮಿಯ ರೂಪದಲ್ಲೇ ಇತ್ತು. ಸೈನಿಕ ಸೇವೆಗೆ ಪ್ರತಿಯಾಗಿ ಭೂಮಿ ಕೊಡುತ್ತಿದ್ದ ಕೊಡಗಿನ ಜಮ್ಮಾ ಪದ್ಧತಿಗೂ ಇದಕ್ಕೂ ಹೋಲಿಕೆ ಕಾಣುವುದು ಕಷ್ಟವಲ್ಲ, ಎರಡರಲ್ಲೂ ಹೊಲ ಮತ್ತು ಆಯುಧ ಒಂದೇ ಹಗ್ಗದ ಎಳೆಗಳು. ಮುಂದೆ ದಾರಿ ಕವಲೊಡೆಯಿತು. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋದ ಮೇಲೆ ಮೈಸೂರಿನ ಕಂದಾಚಾರ ಕ್ರಮೇಣ ಕರಗಿತು, ಅದರ ಕೆಲಸ ಸಂಬಳದ ಪೊಲೀಸರ ಪಾಲಾಯಿತು. ಆಯುಧ ಸರ್ಕಾರದ ಉಗ್ರಾಣಕ್ಕೆ ಹೋಯಿತು, ಭೂಮಿ ಕಂದಾಯದ ಲೆಕ್ಕಕ್ಕೆ ಬಂತು. ನೂರು ವರ್ಷದ ಬಳಿಕ ಕನ್ನಂಬಾಡಿಯ ನೀರು ನಾಲೆಗಳಲ್ಲಿ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದಾಗ ಇಲ್ಲಿನ ರೈತನಿಗೆ ಸರ್ಕಾರದೊಂದಿಗೆ ಉಳಿದ ನಂಟು ನೀರಿನದು, ಕಬ್ಬಿನದು, ಸಾಲದ್ದು. ಜಗಳವೂ ಅವುಗಳ ಮೇಲೆಯೇ ಬೆಳೆಯಿತು.

ಕೊಡಗು 1834ರಲ್ಲಿ ನೇರವಾಗಿ ಬ್ರಿಟಿಷರ ಆಳ್ವಿಕೆಗೆ ಸೇರಿತು. 1857ರ ದಂಗೆಯ ನಂತರ ದೇಶದುದ್ದಕ್ಕೂ ಜನರ ಆಯುಧ ಕಿತ್ತುಕೊಳ್ಳುವ ಕೆಲಸ ನಡೆಯುತ್ತಿರುವಾಗಲೇ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಆಯುಧ ಕಿತ್ತುಕೊಳ್ಳುವ ಕಾನೂನಿನಿಂದ ವಿನಾಯಿತಿ ಕೊಟ್ಟ. ನಿಷ್ಠೆಗೆ ಸಿಕ್ಕ ಬಹುಮಾನ ಅದು, ಹಕ್ಕಿನ ಮನ್ನಣೆಯಲ್ಲ. 1878ರ ಆಯುಧ ಕಾಯಿದೆ ಭಾರತೀಯರ ಮೇಲೆ ಲೈಸೆನ್ಸಿನ ಹೊರೆ ಹೇರಿ ಯೂರೋಪಿಯನ್ನರನ್ನು ಹೊರಗಿಟ್ಟಾಗಲೂ ಕೊಡಗಿನ ವಿನಾಯಿತಿ ಮುಂದುವರಿಯಿತು. ಸ್ವತಂತ್ರ ಭಾರತದ ಸರ್ಕಾರ ಅದನ್ನು ಎರಡು ವರ್ಗಗಳಿಗೆ ಉಳಿಸಿತು: ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಎರಡನೆಯ ವರ್ಗದಲ್ಲಿ ಕೊಡವರಲ್ಲದವರೂ ಇದ್ದಾರೆಂಬುದನ್ನು ವಿರೋಧಿಗಳೂ ಅಭಿಮಾನಿಗಳೂ ಒಂದೇ ಸಮನೆ ಮರೆಯುತ್ತಾರೆ. ವಿನಾಯಿತಿಗೂ ಮಿತಿಯಿದೆ. ಜಿಲ್ಲೆಯ ಹೊರಗೆ ವಾಸಿಸುವಾಗ ಇಲ್ಲವೇ ಓಡಾಡುವಾಗ ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ಸಾದಾ ನಳಿಗೆಯ ಬಂದೂಕು, ಅದಕ್ಕೆ 500 ತೋಟಾ, ಅಷ್ಟಕ್ಕೇ ಅವಕಾಶ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ, ಮನೆಯಲ್ಲಿ ಸಾವಾದರೆ ಗುಂಡಿನ ಸದ್ದು ಊರಿಗೆ ಸುದ್ದಿ ಮುಟ್ಟಿಸುತ್ತದೆ. ಹೀಗೆ ಮನೆತನದ ಆಚರಣೆಯಲ್ಲಿ ಬೆರೆತ ವಸ್ತುವಿನ ಮೇಲೆ ಕೈಯಿಟ್ಟರೆ ಮನೆತನಗಳೆಲ್ಲ ಒಟ್ಟಾಗುವುದು ಸಹಜ.

ಬಂದೂಕನ್ನು ನಾಗರಿಕರ ಹಕ್ಕೆಂದು ಕರೆಯುವ ಮಾತು ನಮ್ಮಲ್ಲೂ ಕೇಳಿಬಂದಿತ್ತು. 1878ರ ಕಾಯಿದೆಯ ವಿರುದ್ಧ ಕಾಂಗ್ರೆಸ್ ಆರಂಭದ ವರ್ಷಗಳಿಂದಲೇ ಅಸಮಾಧಾನ ತೋರಿತ್ತು. 1931ರ ಕರಾಚಿ ನಿರ್ಣಯದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ಅದನ್ನು ಮೂಲಭೂತ ಹಕ್ಕಾಗಿಸುವ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಅಮೆರಿಕದಲ್ಲಿ ಸಂವಿಧಾನದ ಎರಡನೆಯ ತಿದ್ದುಪಡಿಯನ್ನು ಮುಂದಿಟ್ಟುಕೊಂಡು ಬಂದೂಕುದಾರರು ಕಟ್ಟಿದಂಥ ರಾಜಕಾರಣಕ್ಕೆ ಇಲ್ಲಿ ನೆಲೆ ಸಿಗದೇ ಹೋದದ್ದು ಅಲ್ಲಿಂದಲೇ. 1959ರಲ್ಲಿ ಅಂಗೀಕಾರವಾಗಿ 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಆಯುಧ ಕಾಯಿದೆ ಬ್ರಿಟಿಷರ ಜನಾಂಗಭೇದವನ್ನು ತೆಗೆದರೂ ಲೈಸೆನ್ಸಿನ ಚೌಕಟ್ಟನ್ನು ಹಾಗೆಯೇ ಇಟ್ಟುಕೊಂಡಿತು. ಕೊಡುವುದು ಬಿಡುವುದು ಜಿಲ್ಲಾಡಳಿತದ ವಿವೇಚನೆ, ಕೊಡುವ ಮುನ್ನ ಪೊಲೀಸರ ವರದಿ, ಸಿಗದಿದ್ದರೆ ಮೇಲ್ಮನವಿ. ಗಮನಿಸಬೇಕಾದದ್ದೆಂದರೆ, ಇಡೀ ಪ್ರಕ್ರಿಯೆಯಲ್ಲಿ ಸರ್ಕಾರದ ಎದುರಿಗೆ ನಿಲ್ಲುವುದು ಒಬ್ಬ ಅರ್ಜಿದಾರ ಮಾತ್ರ. ಊರು, ಸಂಘ, ಕುಲ ಯಾವುದಕ್ಕೂ ಅಲ್ಲಿ ಜಾಗವಿಲ್ಲ.

ಆ ಅರ್ಜಿದಾರರು ಒಟ್ಟುಗೂಡಿದ ಸ್ಪಷ್ಟ ಉದಾಹರಣೆ ಸಿಗುವುದು 2019ರಲ್ಲಿ. 1983ರ ತಿದ್ದುಪಡಿ ಒಬ್ಬರಿಗೆ ಮೂರು ಬಂದೂಕುಗಳ ಮಿತಿ ಹಾಕಿತ್ತು. 2019ರ ನವೆಂಬರಿನಲ್ಲಿ ಲೋಕಸಭೆಗೆ ಬಂದ ಮಸೂದೆ ಅದನ್ನು ಒಂದಕ್ಕೆ ಇಳಿಸಲು ಹೊರಟಿತು. ನ್ಯಾಷನಲ್ ಅಸೋಸಿಯೇಷನ್ ಫಾರ್ ಗನ್ ರೈಟ್ಸ್ ಇಂಡಿಯಾದಂಥ ಸಂಘಗಳು ಪರವಾನಗಿದಾರರ ಪರ ಮಾತನಾಡುತ್ತಿದ್ದ ಕಾಲ ಅದು. ಗುರಿಕಾರ ಕ್ರೀಡಾಪಟುಗಳೂ ತಾತನ ಕಾಲದ ಬಂದೂಕು ಕಾಪಾಡಿಕೊಂಡಿದ್ದ ಕುಟುಂಬಗಳೂ ಆಕ್ಷೇಪ ಎತ್ತಿದರು. ಡಿಸೆಂಬರಿನಲ್ಲಿ ಎರಡೂ ಸದನಗಳು ಒಪ್ಪಿದ ರೂಪದಲ್ಲಿ ಮಿತಿ ಎರಡಾಗಿತ್ತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತ್ತು. ಇದನ್ನು ಗೆಲುವೆಂದು ಕರೆಯಲು ನನಗೆ ಹಿಂಜರಿಕೆಯಿದೆ. ಮೂರರಲ್ಲಿ ಒಂದನ್ನು ಬಿಟ್ಟುಕೊಟ್ಟದ್ದು ಚೌಕಾಸಿಯೇ ಹೊರತು ತಡೆಯಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕೊಡಗಿಗೆ ಸಿಕ್ಕದ್ದನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುತ್ತದೆ: ಕೇಂದ್ರ ಗೃಹ ಸಚಿವಾಲಯ ಅಲ್ಲಿನ ವಿನಾಯಿತಿಯನ್ನು ಹತ್ತು ವರ್ಷ ಮುಂದುವರಿಸಿತು. ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದ ಅರ್ಜಿ 2021ರ ಸೆಪ್ಟೆಂಬರಿನಲ್ಲಿ ವಜಾ ಆಯಿತು. ಕೊಡವ ನ್ಯಾಷನಲ್ ಕೌನ್ಸಿಲ್ ಎನ್.ಯು. ನಾಚಪ್ಪ ಅವರ ಮುಂದಾಳತ್ವದಲ್ಲಿ ವರ್ಷವರ್ಷವೂ ನಡೆಸುವ ತೋಕ್ ನಮ್ಮೆ ಎಂಬ ಕೋವಿ ಹಬ್ಬದಲ್ಲಿ ಹೆಂಗಸರು, ಗಂಡಸರು ಸಾಂಪ್ರದಾಯಿಕ ಉಡುಪಿನಲ್ಲಿ ಕೋವಿ ಹೊತ್ತು ಸೇರುತ್ತಾರೆ. ಅಹವಾಲೇ ಹಬ್ಬದ ರೂಪ ತಾಳಿದರೆ ಅದನ್ನು ಕಡತದಲ್ಲಿ ಮುಚ್ಚಿಡುವುದು ಕಷ್ಟ.

ಇನ್ನು ಮಳವಳ್ಳಿಗೆ ಬರೋಣ. ಬಂದೂಕಿನ ಪ್ರಶ್ನೆ ಮಂಡ್ಯ ಜಿಲ್ಲೆಯಲ್ಲಿ ನಿಜವಾಗಿ ಕಚ್ಚುವುದು ಇಲ್ಲೇ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮ ತಾಲ್ಲೂಕಿನ ಮುತ್ತತ್ತಿ ಕಡೆಗೆ ಚಾಚಿಕೊಂಡಿದೆ. ಹಲಗೂರು ಸುತ್ತಿನ ಹೊಲಗಳಿಗೆ ಆನೆ ಇಳಿಯುತ್ತದೆ, ಶಿಂಷಾ ಕಣಿವೆ ಹಿಡಿದು ಮದ್ದೂರಿನ ಕಡೆಗೂ ಬಂದದ್ದುಂಟು. ಕಬ್ಬಿನ ಗದ್ದೆ ಹಂದಿಗೆ ಮನೆ, ಚಿರತೆಗೆ ಮರೆ. ಕಾಯಿದೆ ಓದಿದರೆ ರೈತನ ಪರವಾಗಿಯೇ ಇದೆ ಎನಿಸುತ್ತದೆ. ಬೆಳೆ ಕಾಯಲು ನಿಜವಾಗಿ ಬೇಕಾದವನಿಗೆ ಬಾಯಿಂದ ಮದ್ದು ತುಂಬುವ ನಾಡಬಂದೂಕಿನ ಲೈಸೆನ್ಸು ಕೊಡಬೇಕೆಂದು ಅದರ 13ನೆಯ ಕಲಂ ಹೇಳುತ್ತದೆ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮೇಲಿನ ದರ್ಜೆಯದ್ದಕ್ಕೂ ದಾರಿ ಬಿಟ್ಟಿದೆ. ಆದರೆ 1972ರ ವನ್ಯಜೀವಿ ಕಾಯಿದೆ ಅದೇ ಬಂದೂಕಿನ ನಳಿಗೆ ಹಿಡಿದುಕೊಂಡಿದೆ. ಆನೆ, ಚಿರತೆಯ ಮಾತಿರಲಿ, ಅನುಮತಿಯಿಲ್ಲದೆ ಹಂದಿಗೆ ಗುಂಡು ಹಾರಿಸಿದರೂ ಮೊಕದ್ದಮೆ. ಹಾಗಾಗಿ ಬೆಳೆ ರಕ್ಷಣೆಯ ಬಂದೂಕು ಕಾನೂನಿನ ಪ್ರಕಾರ ಹೆಚ್ಚಿನಂಶ ಸದ್ದು ಮಾಡುವ ಸಾಧನ. ಸದ್ದಿಗೆ ಪಟಾಕಿ ಸಾಕು, ತಮಟೆ ಸಾಕು, ಅಟ್ಟಣೆಯ ಮೇಲಿಂದ ಕೂಗಿದರೂ ಆದೀತು. ವರ್ಷಗಟ್ಟಲೆ ಅಲೆದು ಪಡೆದ ಲೈಸೆನ್ಸು ಪಟಾಕಿಯ ಸರಕ್ಕೆ ಸಮವಾಗುವುದಾದರೆ ಅದಕ್ಕಾಗಿ ರಸ್ತೆಗಿಳಿಯುವವರು ಯಾರು? ಇಲ್ಲಿನ ರೈತರು ಕೇಳಿದ್ದು ರೈಲ್ವೆ ಕಂಬಿಯ ಬೇಲಿ, ಕಂದಕ, ಬೆಳೆನಷ್ಟದ ಪರಿಹಾರ. ಅರಣ್ಯ ಇಲಾಖೆಯ ಬಾಗಿಲಿಗೆ ಒಟ್ಟಾಗಿ ಹೋದವರು ಆಯುಧ ಶಾಖೆಯ ಬಾಗಿಲಿಗೆ ಒಬ್ಬೊಬ್ಬರಾಗಿ ಹೋದರು.

ಮಂಡ್ಯದಲ್ಲಿ ಸಂಘಟನೆ ಬೆಳೆಯದ್ದಕ್ಕೆ ರಾಜನಿಷ್ಠೆಯೇ ಕಾರಣ, ಒಡೆಯರ ಪ್ರಜೆಗಳಿಗೆ ಸರ್ಕಾರದ ಕಟ್ಟಳೆ ಮೀರುವ ಅಭ್ಯಾಸವಿರಲಿಲ್ಲ ಎಂದು ಆಕ್ಷೇಪಿಸಬಹುದು. ಅದನ್ನು 1938ರ ಏಪ್ರಿಲ್ ಅಲ್ಲಗಳೆಯುತ್ತದೆ. ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ಸಿನವರು ನಿಷೇಧಾಜ್ಞೆ ಮುರಿದೇ ಧ್ವಜ ಹಾರಿಸಿದರು. ಕಟ್ಟಳೆ ಮೀರಿದರು, ಬರಿಗೈಯಲ್ಲಿ ಮೀರಿದರು. ಕಾವೇರಿ ಚಳವಳಿಯ ಜಿ. ಮಾದೇಗೌಡ, ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯ ಅವರಂಥ ಮುಖಂಡರ ಬಲವೂ ಸೇರಿದ ಜನರ ಸಂಖ್ಯೆಯಲ್ಲಿತ್ತು. ಅಧಿಕಾರಿಗಳ ಕಡೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ನೀರಿನ ಗಲಾಟೆಗೆ ಪದೇಪದೇ ಕುದಿಯುವ ಜಿಲ್ಲೆಯಲ್ಲಿ ಲೈಸೆನ್ಸು ಹಂಚುವುದು ಕ್ಷೇಮವೇ? ಅಲ್ಲವೆಂದೇ ನನ್ನ ಅಭಿಪ್ರಾಯ ಕೂಡ. ಆದರೆ ಈ ಎಚ್ಚರವನ್ನೇ ನೆಪ ಮಾಡಿ ಚುನಾವಣೆ ಬಂದಾಗಲೆಲ್ಲ ಎಲ್ಲರ ಬಂದೂಕೂ ಠಾಣೆಯಲ್ಲಿ ಠೇವಣಿಯಾಗಲಿ ಎನ್ನುವುದು ಬೇರೆ ಮಾತು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿದ್ದವರು ಯಾರೆಂದು ಪರಿಶೀಲನಾ ಸಮಿತಿ ನೋಡಿ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಸಾರಾಸಗಟು ಆದೇಶದ ವಿರುದ್ಧ ಮಲೆನಾಡು, ಕರಾವಳಿಯ ಬೆಳೆಗಾರರು ಗುಂಪಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಅಡಿಕೆ ತೋಟದ ನಡುವಿನ ಒಂಟಿಮನೆಯವನಿಗೆ ಮಂಗ, ಹಂದಿಯ ಕಾಟ ಚುನಾವಣೆಯ ವೇಳಾಪಟ್ಟಿ ನೋಡಿ ಬರುವುದಿಲ್ಲ.

ಕೊಡಗಿನ ವಿನಾಯಿತಿಯ ಮೇಲಿನ ಆಕ್ಷೇಪಕ್ಕೆ ಉತ್ತರ ಅಷ್ಟು ಸಲೀಸಲ್ಲ. ಹುಟ್ಟಿನ ಆಧಾರದ ಮೇಲೆ ಒಬ್ಬನಿಗೆ ಲೈಸೆನ್ಸು ಬೇಡ, ಮಳವಳ್ಳಿಯ ಕಾಡಂಚಿನವನಿಗೆ ಬೇಕು ಎಂದರೆ ಸಮಾನತೆ ಎಲ್ಲಿ ಉಳಿಯಿತು? ಸ್ವಾತಂತ್ರ್ಯಕ್ಕೆ ಮೊದಲಿನಿಂದ ನಡೆದುಬಂದ ಪದ್ಧತಿ, ಯುದ್ಧಕಲೆಯ ಸಮುದಾಯ, ಕೊಟ್ಟಿರುವುದು ಶಾಶ್ವತವಾಗಿಯಲ್ಲ, ಷರತ್ತಿನ ಮೇಲೆ ಹತ್ತು ವರ್ಷಕ್ಕೆ ಎಂಬುದು ಹೈಕೋರ್ಟು ಕಂಡ ಸಮರ್ಥನೆ. ಜಮ್ಮಾ ಭೂಮಿಯ ಆಧಾರವನ್ನು ಚರಿತ್ರೆಯಿಂದ ಸಮರ್ಥಿಸಬಹುದು. ಜನಾಂಗದ ಆಧಾರ ಸಂವಿಧಾನದ ಮುಂದೆ ಎಂದೂ ಮುಜುಗರದ್ದೇ. ಆದರೂ ಸಂಘಟನೆಯ ಲೆಕ್ಕದಲ್ಲಿ ಕೊಡಗಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಅದರ ವಿನಾಯಿತಿ ಮುಗಿಯುವುದು ಎಲ್ಲರಿಗೂ ಒಂದೇ ದಿನ, 2029ರ ಅಕ್ಟೋಬರ್ 31ರಂದು. ಮಂಡ್ಯ, ಮದ್ದೂರು, ಮಳವಳ್ಳಿಯ ಲೈಸೆನ್ಸುಗಳು ಒಬ್ಬೊಬ್ಬರದು ಒಂದೊಂದು ದಿನ ಮುಗಿಯುತ್ತವೆ.